ಹುಳಿ ವಾಸನೆಯ ರೀಲುಗಳು

ಕಳೆದ ತಿಂಗಳು ದಾವಣಗೆರೆಯಲ್ಲಿ ಸಿನಿಮಾ ಹುಚ್ಚಿನ ಮೂವತ್ತು ನಲವತ್ತು ಜನ ಸೇರಿ ಒಂದು ಸಾಕ್ಷ್ಯಚಿತ್ರ ನೋಡಿದೆವು, 'ಸ್ಪೆಲ್ ರೀಲ್' ಅಂತ, ಆಫ್ರಿಕಾದ ಪುಟ್ಟ ದೇಶವೊಂದರ ಸ್ವಾತಂತ್ರ್ಯ ಹೋರಾಟದ ಹಳೆಯ ರೀಲುಗಳ ಬಗ್ಗೆ. ಮುಗಿದ ಮೇಲೆ ನಾನು ಮಾತಾಡಿದೆ. ಅದನ್ನೇ ಬರೆದು ಕೊಡಿ ಅಂದರು. ಮಾತಾಡುವಾಗ ದಾರಿ ತಪ್ಪಿದ ಕಡೆ ಸ್ವಲ್ಪ ಸರಿ ಮಾಡಿದ್ದೇನೆ, ಪೂರ್ತಿ ಮಾಡಿಲ್ಲ.

ನಮಸ್ಕಾರ. ಆರು ಜನ ಮಧ್ಯದಲ್ಲಿ ಎದ್ದು ಹೋದರು, ನಾನು ಲೆಕ್ಕ ಇಟ್ಟಿದ್ದೇನೆ. ಬೇಜಾರೇನೂ ಇಲ್ಲ. ಯಾಕೆಂದರೆ ಮೊದಲ ಸಲ ನೋಡಿದಾಗ ನಾನೂ ಅರ್ಧಕ್ಕೇ ನಿಲ್ಲಿಸಿದ್ದೆ. ದೊಡ್ಡ ಪರದೆ ಇಟ್ಟುಕೊಂಡು ಒಂದು ಮೂಲೆಯಲ್ಲಿ ಪೋಸ್ಟ್ ಕಾರ್ಡ್ ಅಳತೆಯ ಚೌಕದಲ್ಲಿ ಕಪ್ಪು ಬಿಳುಪು ಚಿತ್ರ ಓಡಿಸುತ್ತಾರೆ, ಅದಕ್ಕೆ ಸದ್ದಿಲ್ಲ, ಮೈಯೆಲ್ಲ ಗೀರು, ಕಲೆ. ನನ್ನ ಲ್ಯಾಪ್‌ಟಾಪ್ ಕೆಟ್ಟಿದೆ ಅಂದುಕೊಂಡು ಆಫ್ ಮಾಡಿ ಆನ್ ಮಾಡಿದ್ದೆ. ನಿಜವಾಗಲೂ.

ಸಿನಿಮಾದ ಹೆಸರು 'ಸ್ಪೆಲ್ ರೀಲ್'. 2017ರದ್ದು, 96 ನಿಮಿಷ. ಮಾಡಿದವರು ಫಿಲಿಪಾ ಸೆಜಾರ್. ಅವರ ಜೊತೆ ನಿಂತವರು ಗಿನಿ-ಬಿಸಾವ್ ಅನ್ನುವ ಪುಟ್ಟ ದೇಶದ ಇಬ್ಬರು ಹಿರಿಯ ನಿರ್ದೇಶಕರು, ಸಾನಾ ನಾ ಎನ್ಹಾಡಾ ಮತ್ತು ಫ್ಲೋರಾ ಗೋಮೆಸ್. ಫ್ಲೋರಾ ಅಂದರೆ ಹೆಂಗಸಲ್ಲ, ಗಂಡಸು. ಹೋದ ವಾರ ನಾನೇ ಒಬ್ಬರಿಗೆ ತಪ್ಪು ಹೇಳಿಬಿಟ್ಟಿದ್ದೆ.

ಆ ದೇಶ ಎಲ್ಲಿದೆ ಅಂತ ಕೇಳಿದರೆ ನಮ್ಮಲ್ಲಿ ಹತ್ತಕ್ಕೆ ಒಂಬತ್ತು ಜನ ತಲೆ ಕೆರೆದುಕೊಳ್ಳುತ್ತೇವೆ. ಪಶ್ಚಿಮ ಆಫ್ರಿಕಾದ ಸಮುದ್ರದ ಅಂಚಿನಲ್ಲಿದೆ. ವಿಸ್ತಾರದಲ್ಲಿ ಕರ್ನಾಟಕದ ಐದನೇ ಒಂದು ಭಾಗವೂ ಇಲ್ಲ. ಆದರೆ ನಿಮ್ಮ ಮನೆಯ ಡಬ್ಬಿಯಲ್ಲಿ ಆ ದೇಶ ಕೂತಿರಬಹುದು. ಅವರು ಹೊರಗೆ ಮಾರುವ ಮುಖ್ಯ ಮಾಲು ಹಸಿ ಗೋಡಂಬಿ, ಅದನ್ನು ಜಾಸ್ತಿ ಕೊಳ್ಳುವವರು ನಾವು. ಹಡಗಲ್ಲಿ ಬಂದು ನಮ್ಮ ಕಾರ್ಖಾನೆಗಳಲ್ಲಿ ಸಿಪ್ಪೆ ಬಿಡಿಸಿಕೊಂಡು ಲಾಡಿನ ಮೇಲೆ ಕೂರುತ್ತದೆ. ಗೋಡಂಬಿ ಗಿಡವನ್ನು ನಮಗೂ ಅವರಿಗೂ ತಂದು ನೆಟ್ಟವರು ಒಬ್ಬರೇ, ಪೋರ್ಚುಗೀಸರು.

ಗಿನಿಯನ್ನು ಆಳುತ್ತಿದ್ದದ್ದೂ, ಇಲ್ಲಿ ಕಾರವಾರ ದಾಟಿದರೆ ಸಿಗುವ ಗೋವೆಯನ್ನು ಆಳುತ್ತಿದ್ದದ್ದೂ ಒಂದೇ ಸರ್ಕಾರ, ಲಿಸ್ಬನ್‌ನಲ್ಲಿ ಕೂತಿದ್ದ ಪೋರ್ಚುಗಲ್ ಸರ್ವಾಧಿಕಾರಿ ಸಲಾಜಾರ್‌ನದ್ದು. ಗೋವೆ 451 ವರ್ಷ ಅವರ ಕೈಯಲ್ಲಿತ್ತು, 1961ರ ಡಿಸೆಂಬರ್ 19ಕ್ಕೆ ಬಿಡುಗಡೆಯಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ ಪೋರ್ಚುಗೀಸ್ ವಸಾಹತುಗಳ ಹೋರಾಟಗಾರರೆಲ್ಲ ಸೇರಿ ಒಂದು ಒಕ್ಕೂಟ ಕಟ್ಟಿದರು. ಅಂಗೋಲದವರು, ಮೊಜಾಂಬಿಕ್‌ನವರು, ಗಿನಿಯವರು, ಅವರ ಜೊತೆ ಗೋವೆಯವರೂ ಇದ್ದರು. ಗೋವೆಯಲ್ಲಿ ಹುಟ್ಟಿದ ಅಕಿನೊ ದ ಬ್ರಗಾಂಸಾ ಆ ಒಕ್ಕೂಟದಲ್ಲಿ ದುಡಿದವರು. ಮುಂದೆ ಮೊಜಾಂಬಿಕ್ ಅಧ್ಯಕ್ಷ ಸಮೋರಾ ಮಾಶೆಲ್ ಜೊತೆ 1986ರ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಹಾಗಾಗಿ ಈ ಕತೆಯನ್ನು ಯಾರದೋ ದೂರದ ಕತೆ ಅಂತ ನಾನು ಒಪ್ಪುವುದಿಲ್ಲ. ಪಕ್ಕದ ಮನೆಯವರ ದಾಯಾದಿಗಳದ್ದು ಅನ್ನಿ.

ಈಗ ಗಿನಿಯ ಹೋರಾಟದ ಮುಂದಾಳು ಅಮಿಲ್ಕಾರ್ ಕಬ್ರಾಲ್. ಈ ಮನುಷ್ಯನ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಬೈಕೋಬೇಡಿ.

ಹುಟ್ಟಿದ್ದು 1924ರಲ್ಲಿ, ಗಿನಿಯ ಬಫಾಟಾ ಅನ್ನುವ ಊರಲ್ಲಿ. ಲಿಸ್ಬನ್‌ನಲ್ಲಿ ಓದಿ ಕೃಷಿ ವಿಜ್ಞಾನಿಯಾದರು. ವಕೀಲರು ಸ್ವಾತಂತ್ರ್ಯ ಹೋರಾಟದ ಮುಂದಾಳಾಗುವುದು ನಮಗೆ ಗೊತ್ತು, ಗಾಂಧಿ, ನೆಹರೂ, ಪಟೇಲ್ ಎಲ್ಲ ಅವರೇ. ಮಣ್ಣಿನ ಡಾಕ್ಟರು ಮುಂದಾಳಾದದ್ದು ಅಪರೂಪ. 1953ರಲ್ಲಿ ಸರ್ಕಾರವೇ ಇವರಿಗೆ ಗಿನಿಯ ಕೃಷಿ ಗಣತಿ ಮಾಡುವ ಕೆಲಸ ಕೊಟ್ಟಿತು. ಊರೂರು ತಿರುಗಿ ಯಾರ ಹೊಲದಲ್ಲಿ ಏನು ಬೆಳೆ, ಎಷ್ಟು ಬೆಳೆ ಅಂತ ಬರೆದುಕೊಂಡರು. ದೇಶದ ಒಂದೊಂದು ಹಳ್ಳಿಯ ಪರಿಚಯವನ್ನು ಆಳುವವರೇ ತಮ್ಮ ದುಡ್ಡಲ್ಲಿ ಮಾಡಿಸಿಕೊಟ್ಟ ಹಾಗಾಯಿತು! ಹತ್ತು ವರ್ಷ ಆದ ಮೇಲೆ ಅದೇ ಹಳ್ಳಿಗಳಲ್ಲಿ ಅವರದೇ ಗೆರಿಲ್ಲಾಗಳು ಓಡಾಡುತ್ತಿದ್ದರು.

ಅವರು ಬರೆದ ಒಂದು ದೊಡ್ಡ ವಿಷಯ ಶೇಂಗಾ. ಇಲ್ಲಿ ಚಳ್ಳಕೆರೆ ಕಡೆಯವರು ಇದ್ದೀರಲ್ಲ, ಕಿವಿ ಕೊಡಿ. ಅಲ್ಲಿಯ ರೈತ ತನ್ನ ಊಟಕ್ಕೆ ಭತ್ತ ಬೆಳೆಯುತ್ತಿದ್ದ. ತೆರಿಗೆ ಕಟ್ಟಬೇಕಲ್ಲ, ಅದಕ್ಕಾಗಿ ಶೇಂಗಾ ಬೆಳೆಯಲೇಬೇಕಾಯಿತು. ಬೆಲೆ ಹೇಳುವವರು ಬೇರೆಯವರು. ಎಣ್ಣೆ ತೆಗೆಯುವುದು ಬೇರೆ ದೇಶದಲ್ಲಿ. ಮಣ್ಣು ಮಾತ್ರ ಸೋಲುವುದು ಇವನದು. ಕಬ್ರಾಲ್ ಇದನ್ನು ಮಣ್ಣಿನ ಲೆಕ್ಕದಲ್ಲೇ ಬರೆದರು. ಮಳೆಗೆ ಮೇಲ್ಮಣ್ಣು ಕೊಚ್ಚಿ ಹೋಗುವ ಬಗ್ಗೆ ಓದುತ್ತಾ ಓದುತ್ತಾ ಇದು ಆಡಳಿತದ ಬಗ್ಗೆ ಬರೆದದ್ದು ಅಂತ ನಮಗೆ ಹೊಳೆಯುತ್ತದೆ. ಎಣ್ಣೆ ಮಿಲ್ಲುಗಳ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

1956ರಲ್ಲಿ ಪಕ್ಷ ಕಟ್ಟಿದರು, ಗಿನಿ ಮತ್ತು ಕೇಪ್ ವರ್ಡೆ ದ್ವೀಪಗಳು ಎರಡಕ್ಕೂ ಸೇರಿಸಿ. 1959ರ ಆಗಸ್ಟ್ 3ರಂದು ರಾಜಧಾನಿ ಬಿಸಾವ್‌ನ ಬಂದರಿನಲ್ಲಿ ಕೂಲಿ ಹೆಚ್ಚು ಮಾಡಿ ಅಂತ ಕೇಳಿದ ಹಮಾಲರ ಮೇಲೆ ಪೋರ್ಚುಗೀಸ್ ಪೊಲೀಸರು ಗುಂಡು ಹಾರಿಸಿದರು, ಸುಮಾರು 50 ಜನ ಸತ್ತರು. 1963ರಿಂದ ಬಂದೂಕಿನ ಹೋರಾಟ ಶುರು. ಯುದ್ಧದ ವಿವರ ಬೇಡ, ಅದು ಎಲ್ಲ ಕಡೆ ಸಿಗುತ್ತದೆ.

ನನಗೆ ಬೇಕಾದ್ದು 1967. ಯುದ್ಧ ನಡೀತಾ ಇದೆ, ಕಾಡಲ್ಲಿ ಊಟಕ್ಕೆ ಕಷ್ಟ, ಔಷಧಿ ಇಲ್ಲ. ಕಬ್ರಾಲ್ ನಾಲ್ಕು ಜನ ಹುಡುಗರನ್ನು ಕ್ಯೂಬಾಕ್ಕೆ ಕಳಿಸಿದರು. ಬಂದೂಕು ಕಲಿಯಲಿಕ್ಕಲ್ಲ. ಸಿನಿಮಾ ಕಲಿಯಲಿಕ್ಕೆ. ಸಾನಾ, ಫ್ಲೋರಾ, ಜೋಸೆ ಬೊಲಾಮಾ ಕೊಬುಂಬಾ, ಮತ್ತೆ ಜೋಸೆಫಿನಾ ಕ್ರಾಟೊ ಅನ್ನುವ ಹುಡುಗಿ. ಸಾನಾಗೆ ಆಗ ಹದಿನೇಳು ವರ್ಷ. ಹವಾನಾದಲ್ಲಿ ಸಾಂಟಿಯಾಗೊ ಅಲ್ವಾರೆಸ್ ಅನ್ನುವ ವಾರ್ತಾಚಿತ್ರದ ಗುರುವಿನ ಹತ್ತಿರ ಕಲಿತರು. 1972ರಲ್ಲಿ ವಾಪಸ್ ಬಂದು ಕಾಡಿಗೆ ಕ್ಯಾಮೆರಾ ಹಿಡಿದುಕೊಂಡು ಹೋದರು. ಇನ್ನೂ ಹುಟ್ಟದ ದೇಶವೊಂದು ತನ್ನ ಹುಟ್ಟನ್ನು ತಾನೇ ಚಿತ್ರ ಮಾಡಿಕೊಳ್ಳಬೇಕು ಅಂತ ಆರು ವರ್ಷ ಮುಂಚೆಯೇ ಯೋಚನೆ ಮಾಡಿದ್ದು ಇದು. ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಆದರೆ ಕಬ್ರಾಲ್ ಆ ಹುಟ್ಟನ್ನು ನೋಡಲಿಲ್ಲ. 1973ರ ಜನವರಿ 20ರಂದು, ಪಕ್ಕದಲ್ಲಿರುವ ಗಿನಿ ಅನ್ನುವ ಇನ್ನೊಂದು ದೇಶದ ರಾಜಧಾನಿ ಕೊನಾಕ್ರಿಯಲ್ಲಿ ಅವರನ್ನು ಕೊಂದರು. ಅದೇ ವರ್ಷ ಸೆಪ್ಟೆಂಬರ್ 24ರಂದು ಬೊಎ ಪ್ರದೇಶದ ಕಾಡಿನಲ್ಲಿ ಸ್ವಾತಂತ್ರ್ಯ ಘೋಷಿಸಿದರು. ಈ ಹುಡುಗರು ಅದನ್ನು ಚಿತ್ರೀಕರಿಸಿದರು. ಪೋರ್ಚುಗಲ್ ಮಾತ್ರ ಅದನ್ನು ಒಪ್ಪಲಿಲ್ಲ. ಒಪ್ಪಿದ್ದು 1974ರ ಸೆಪ್ಟೆಂಬರ್ 10ಕ್ಕೆ, ಅದೂ ಲಿಸ್ಬನ್‌ನಲ್ಲೇ ಏಪ್ರಿಲ್ 25ರ ದಂಗೆಯಾಗಿ ಸರ್ವಾಧಿಕಾರ ಬಿದ್ದ ಮೇಲೆ. ಗಿನಿಯಲ್ಲಿ ಗೆಲ್ಲಲಾಗದೆ ಸುಸ್ತಾದ ಸೈನ್ಯಾಧಿಕಾರಿಗಳೇ ತಮ್ಮ ಸರ್ಕಾರವನ್ನು ಬೀಳಿಸಿದರು. ಹಾಗೆ ನೋಡಿದರೆ ಗಿನಿಯ ರೈತರು ಪೋರ್ಚುಗಲ್ಲನ್ನೂ ಬಿಡಿಸಿದರು.

ಹಾಗಾದರೆ ಸ್ವಾತಂತ್ರ್ಯ ಬಂದ ದಿನ ಯಾವುದು? ನಾವು ಘೋಷಿಸಿದ್ದೋ, ಅವರು ಒಪ್ಪಿದ್ದೋ? ನಗಬೇಡಿ, ನಮ್ಮದೂ ಇದೇ ಗೋಳು. 1947ರ ಆಗಸ್ಟ್ 15ಕ್ಕೆ ದಿಲ್ಲಿಯಲ್ಲಿ ಬಾವುಟ ಹಾರಿತು. ಇಲ್ಲಿ ನಮ್ಮ ಚಿತ್ರದುರ್ಗ, ದಾವಣಗೆರೆ ಎಲ್ಲ ಮೈಸೂರು ಸಂಸ್ಥಾನ. ಜವಾಬ್ದಾರಿ ಸರ್ಕಾರ ಕೊಡಿ ಅಂತ ಮತ್ತೆ 'ಮೈಸೂರು ಚಲೋ' ಮಾಡಬೇಕಾಯಿತು. ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂದಿದ್ದು ಅಕ್ಟೋಬರ್ ಕೊನೆಗೆ. ಎರಡು ತಿಂಗಳ ಈ ಗಲಾಟೆ ನಮ್ಮ ಮಕ್ಕಳ ಪಾಠದಲ್ಲಿ ಒಂದು ಸಾಲೋ ಎರಡು ಸಾಲೋ.

ಸರಿ, ರೀಲುಗಳಿಗೆ ಬರೋಣ. ಸ್ವಾತಂತ್ರ್ಯ ಬಂದ ಮೇಲೂ ಈ ನಾಲ್ವರು ಚಿತ್ರೀಕರಿಸುತ್ತಲೇ ಇದ್ದರು. ಕಬ್ರಾಲ್ ಅವರ ಶರೀರವನ್ನು ಕೊನಾಕ್ರಿಯಿಂದ ಬಿಸಾವ್‌ಗೆ ತಂದದ್ದನ್ನು ಒಂದು ಚಿತ್ರವಾಗಿ ಮಾಡಿದರು. ಕ್ರಿಸ್ ಮಾರ್ಕರ್ ಅಂಥ ಫ್ರೆಂಚ್ ನಿರ್ದೇಶಕ ಬಂದು ಹೋದರು. ಇನ್ನೊಂದು ಚಿತ್ರ ಶುರು ಮಾಡಿದರು, ಅದು ಎಡಿಟಿಂಗ್ ಟೇಬಲ್ ಮೇಲಿರುವಾಗಲೇ 1980ರಲ್ಲಿ ಸೈನಿಕ ದಂಗೆಯಾಗಿ ನಿಂತುಹೋಯಿತು. ಆ ಚಿತ್ರದ ಹೆಸರು ಅವರ ಕ್ರಿಯೋಲ್ ಭಾಷೆಯಲ್ಲಿ 'ಲುತಾ ಕಾ ಕಾಬಾ ಇಂದಾ'. ಹೋರಾಟ ಇನ್ನೂ ಮುಗಿದಿಲ್ಲ ಅಂತ ಅರ್ಥ. ಇಂದಾ ಅಂದರೆ ಇನ್ನೂ! ಇದಕ್ಕೆ ಭಾಷಾ ಸಂಬಂಧ ಏನೂ ಇಲ್ಲ, ಕಾಕತಾಳೀಯ, ಆದರೂ ನನಗೆ ಖುಷಿಯಾಯಿತು. ಹೋರಾಟ ಮುಗಿದಿಲ್ಲ ಅನ್ನುವ ಹೆಸರಿನ ಸಿನಿಮಾವೇ ಮುಗಿಯಲಿಲ್ಲ ನೋಡಿ.

ಆಮೇಲೆ ರೀಲುಗಳು ಡಬ್ಬಿಯಲ್ಲಿ ಬಿದ್ದವು. 1998-99ರ ಅಂತರ್ಯುದ್ಧದಲ್ಲಿ ಒಂದಷ್ಟು ಹೋಯಿತು. ಉಳಿದದ್ದನ್ನು ಸೆಖೆ ತಿಂದಿತು. 16 ಎಂಎಂ ಫಿಲ್ಮಿನ ತಳ ಅಸಿಟೇಟ್ ಅನ್ನುವ ಪ್ಲಾಸ್ಟಿಕ್. ಶಾಖ, ತೇವ ಎರಡೂ ಸೇರಿದರೆ ಅದು ತಾನೇ ಕೊಳೆಯುತ್ತದೆ, ಆಮ್ಲ ಬಿಡುತ್ತದೆ, ಕುಗ್ಗುತ್ತದೆ, ಹಪ್ಪಳದ ಹಾಗೆ ಮುದುರುತ್ತದೆ. ಡಬ್ಬಿ ತೆಗೆದರೆ ವಿನೆಗರ್ ವಾಸನೆ. ಕೆಟ್ಟ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದ ಹಾಗೆ ಅನ್ನಿ. ಒಂದು ರೀಲಿಗೆ ಶುರುವಾದರೆ ಪಕ್ಕದ್ದಕ್ಕೂ ಹತ್ತುತ್ತದೆ, ಅಕ್ಷರಶಃ ಅಂಟುರೋಗ. ಇನ್ನೊಂದು ತೊಂದರೆ, ಆಗ ಚಿತ್ರ ಬೇರೆ ರೀಲು, ಸದ್ದು ಬೇರೆ ಟೇಪು. ಎಷ್ಟೋ ಚಿತ್ರಕ್ಕೆ ಸದ್ದು ಸಿಗಲಿಲ್ಲ. ಎಷ್ಟೋ ಸದ್ದಿಗೆ ಚಿತ್ರ ಇಲ್ಲ.

ನಾವು ದೊಡ್ಡದಾಗಿ ಮಾತಾಡುವ ಹಾಗಿಲ್ಲ. ಕನ್ನಡದ ಮೊದಲ ಟಾಕಿ, 1934ರ 'ಸತಿ ಸುಲೋಚನ', ಅದರ ಒಂದು ಪ್ರಿಂಟೂ ಉಳಿದಿಲ್ಲ. ನಮಗೆ ಯುದ್ಧವೂ ಆಗಿರಲಿಲ್ಲ.

2011ರಲ್ಲಿ ಬಿಸಾವ್‌ನಲ್ಲಿ ಈ ಡಬ್ಬಿಗಳು ಮತ್ತೆ ಹೊರಗೆ ಬಂದವು. ಫಿಲಿಪಾ, ಸಾನಾ, ಫ್ಲೋರಾ ಸೇರಿ ಬರ್ಲಿನ್‌ಗೆ ಒಯ್ದು ಡಿಜಿಟಲ್ ಮಾಡಿಸಿದರು. ಇಲ್ಲಿಗೆ ಮುಗಿದಿದ್ದರೆ ಇದೊಂದು ಒಳ್ಳೆಯ ಸುದ್ದಿ ಆಗುತ್ತಿತ್ತು, ಸಿನಿಮಾ ಆಗುತ್ತಿರಲಿಲ್ಲ. ಅವರು ಮುಂದೆ ಮಾಡಿದ್ದು ಏನೆಂದರೆ, ಪರದೆ, ಪ್ರೊಜೆಕ್ಟರ್ ಗಾಡಿಗೆ ಹೇರಿಕೊಂಡು, ಅವತ್ತು ಚಿತ್ರೀಕರಿಸಿದ್ದ ಹಳ್ಳಿಗಳಿಗೇ ಹೋದರು. ರಾತ್ರಿ ಬಯಲಲ್ಲಿ ತೋರಿಸಿದರು. ಸದ್ದಿಲ್ಲದ ಚಿತ್ರ ಓಡುತ್ತಿದ್ದರೆ ಪಕ್ಕದಲ್ಲಿ ಮೈಕ್ ಹಿಡಿದು ಇದು ಇಂಥ ಜಾಗ, ಇದು ಇಂಥವರು ಅಂತ ಹೇಳುವುದು. ನೋಡಿದವರು ಮಾತಾಡುವುದು, ಸೇರಿಸುವುದು, ಜಗಳ ಮಾಡುವುದು.

ನಾನು ಭರಮಸಾಗರದ ಕಡೆಯವನು. ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ, ಮರಳ ಮೇಲೆ ಕೂತು ಸಿನಿಮಾ ನೋಡಿ ಬೆಳೆದವನು. ರೀಲು ಕಟ್ಟಾದಾಗ ನಮ್ಮೂರಿನ ಒಬ್ಬ ಅಜ್ಜ ಎದ್ದು ನಿಂತು ಮುಂದಿನ ಕತೆ ಹೇಳುತ್ತಿದ್ದ. ಅವನು ಆ ಸಿನಿಮಾ ನೋಡಿರುತ್ತಿರಲಿಲ್ಲ, ಸುಮ್ನೆ ಹೇಳುತ್ತಿದ್ದ. ಕೆಲವು ಸಲ ಅಜ್ಜನ ಕತೆಯೇ ಚೆನ್ನಾಗಿರುತ್ತಿತ್ತು. 'ಸ್ಪೆಲ್ ರೀಲ್' ನನಗೆ ಎರಡನೇ ಸಲ ನೋಡಿದಾಗ ಅರ್ಥವಾದದ್ದು ಆ ಅಜ್ಜನಿಂದ. ರೀಲು ಕಟ್ಟಾದ ಜಾಗದಲ್ಲಿ ಜನ ಬಾಯಿ ಬಿಡುತ್ತಾರೆ. ಪೂರ್ತಿ ಸದ್ದು, ಪೂರ್ತಿ ಬಣ್ಣ, ಹಿನ್ನೆಲೆ ಸಂಗೀತ ಎಲ್ಲ ಇದ್ದಿದ್ದರೆ ಆ ಹಳ್ಳಿಯವರು ಬಾಯಿ ಮುಚ್ಚಿಕೊಂಡು ನೋಡಿ ಮನೆಗೆ ಹೋಗುತ್ತಿದ್ದರು.

ಈ ಸಿನಿಮಾದ ಪ್ರಯೋಗ ಅಂದರೆ ಇಷ್ಟೇ. ನಾವು ನೋಡಿದ ಸ್ವಾತಂತ್ರ್ಯ ಹೋರಾಟದ ಸಾಕ್ಷ್ಯಚಿತ್ರ ಹೇಗಿರುತ್ತದೆ? ಕಂಚಿನ ಕಂಠವೊಂದು ಎಲ್ಲ ಹೇಳುತ್ತದೆ. ಭೂಪಟದ ಮೇಲೆ ಬಾಣದ ಗುರುತು ಓಡುತ್ತದೆ. ಕೊನೆಗೆ ಬಾವುಟ, ಪಿಟೀಲು. 1948ರಲ್ಲಿ ಸರ್ಕಾರದ ಫಿಲ್ಮ್ಸ್ ಡಿವಿಜನ್ ಶುರುವಾದ ಮೇಲೆ ಥಿಯೇಟರಿನಲ್ಲಿ ಸಿನಿಮಾಕ್ಕೆ ಮುಂಚೆ ವಾರ್ತಾಚಿತ್ರ ಹಾಕುತ್ತಿದ್ದರಲ್ಲ, ಇಲ್ಲಿರುವ ಹಿರಿಯರು ಆ ಹೊತ್ತಿಗೆ ಹೊರಗೆ ಬೀಡಿ ಸೇದುತ್ತಿದ್ದಿರಿ, ನನಗೆ ಗೊತ್ತು. ಆ ಕಂಠಕ್ಕೆ ಅನುಮಾನವೇ ಇರುತ್ತಿರಲಿಲ್ಲ. ಹಾಗಂತ ಆ ಸಂಸ್ಥೆಯಲ್ಲೂ ತಂಟೆಕೋರರು ಇದ್ದರು. ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ 'ಐ ಆಮ್ 20' ಅಂತ ಒಂದು ಪುಟ್ಟ ಚಿತ್ರ ಮಾಡಿದರು. 1947ರಲ್ಲಿ ಹುಟ್ಟಿದ ಹುಡುಗ ಹುಡುಗಿಯರನ್ನು ಹುಡುಕಿ, ಈ ದೇಶದ ಬಗ್ಗೆ ನಿನಗೇನು ಅನ್ನಿಸುತ್ತೆ ಅಂತ ಕೇಳಿದರು. ಸರ್ಕಾರದ ದುಡ್ಡಲ್ಲೇ ಸರ್ಕಾರಕ್ಕೆ ಕಸಿವಿಸಿ ಆಗುವ ಉತ್ತರಗಳು ಬಂದವು. ಸಿಕ್ಕರೆ ನೋಡಿ.

ಮೂಲೆಯ ಪುಟ್ಟ ಚೌಕದ ವಿಷಯಕ್ಕೆ ಬರುತ್ತೇನೆ. ಹಳೆಯ ಚಿತ್ರವನ್ನು ಪರದೆ ತುಂಬ ಹಾಕಿದರೆ ನಾವು 1973ಕ್ಕೆ ಹೋದ ಹಾಗೆ ಭ್ರಮೆ ಬರುತ್ತದೆ. ಇವರು ಆ ಭ್ರಮೆ ಕೊಡುವುದಿಲ್ಲ. ಇಷ್ಟೇ ಉಳಿದಿರುವುದು, ಸುತ್ತಲಿನ ಕತ್ತಲು ಹೋದದ್ದು ಅಂತ ತೋರಿಸುತ್ತಾರೆ. ನನಗೆ ಇದು ಒಪ್ಪಿಗೆ. 1965ರಲ್ಲಿ ಕಬ್ರಾಲ್ ತಮ್ಮ ಕಾರ್ಯಕರ್ತರಿಗೆ ಬರೆದ ಸೂಚನೆಯಲ್ಲಿ ಒಂದು ಮಾತಿದೆ, ಸುಳ್ಳು ಹೇಳಬೇಡಿ, ಸುಲಭದಲ್ಲಿ ಗೆದ್ದೆವು ಅಂತ ಕೊಚ್ಚಿಕೊಳ್ಳಬೇಡಿ ಅಂತ. ಆ ಚೌಕದಲ್ಲಿ ಆ ಮಾತು ಇದೆ ಅಂತ ನನಗನ್ನಿಸುತ್ತದೆ.

ಆದರೆ ಎಲ್ಲವೂ ಒಪ್ಪಿಗೆ ಅಲ್ಲ. ಯೂರೋಪಿನ ಹಾಲ್‌ಗಳಲ್ಲಿ ನಡೆಯುವ ಚರ್ಚೆಯ ಭಾಗ ನನಗೆ ಎಳೆದ ಹಾಗೆ ಅನ್ನಿಸಿತು. ಹಳ್ಳಿಯ ಮುದುಕರಿಗೆ ಇನ್ನೂ ಹತ್ತು ನಿಮಿಷ ಕೊಡಬಹುದಿತ್ತು. ಮತ್ತೆ ಪರದೆಯ ಮೇಲೆ ಬರುವ ಬರಹಗಳು, ಕೆಲವು ಕವಿತೆಯ ಹಾಗೆ ಇವೆ, ಕೆಲವು ಕವಿತೆಯ ಹಾಗೆ ಇರಬೇಕು ಅಂತ ಹಟ ಹಿಡಿದಿವೆ.

ಇಲ್ಲಿ ಹಿಂದಿನ ಸಾಲಿನ ಒಬ್ಬ ಹುಡುಗಿ ಕೈಯೆತ್ತಿ ಕೇಳಿದಳು: "ಸಾರ್, ಇದನ್ನ ಮಾಡಿದವರು ಪೋರ್ಚುಗೀಸರಾ? ಆಳಿದವರೇ ಬಂದು ಆಳಿಸಿಕೊಂಡವರ ಕತೆ ಹೇಳೋದು ಹೆಂಗೆ?"

ಒಳ್ಳೆಯ ಪ್ರಶ್ನೆ, ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಫಿಲಿಪಾ ಹುಟ್ಟಿದ್ದು ಪೋರ್ಟೊದಲ್ಲಿ, 1975ರಲ್ಲಿ, ಅಂಗೋಲ, ಮೊಜಾಂಬಿಕ್ ಎಲ್ಲ ಕಳಚಿಕೊಂಡ ವರ್ಷ. ಆಳಿದವರ ಮನೆಯ ಮಗಳು ಅನ್ನುವುದು ನಿಜ. ಆದರೆ ಇದರಲ್ಲಿ ಹಳೆಯ ಚಿತ್ರ ತೆಗೆದ ಕಣ್ಣು ಅವರದಲ್ಲ. ಸಾಮಾನ್ಯವಾಗಿ ಆಳಿದವರ ಕ್ಯಾಮೆರಾದಲ್ಲಿ ನಾವು ಗುಂಪಾಗಿ, ಹೆಸರಿಲ್ಲದೆ, ಲೆನ್ಸನ್ನು ಹೆದರಿ ನೋಡುತ್ತಾ ನಿಂತಿರುತ್ತೇವೆ. ಇಲ್ಲಿ ಕ್ಯಾಮೆರಾ ಹಿಡಿದವನೂ ಎದುರಿಗಿದ್ದವನೂ ಒಂದೇ ಪಾತ್ರೆಯಲ್ಲಿ ಅನ್ನ ತಿಂದವರು. ಆ ಗುಟ್ಟು ಮುಖಗಳಲ್ಲಿ ಕಾಣುತ್ತದೆ. ಸಾನಾ ಸುಮ್ಮನೆ ಕೂತವರೂ ಅಲ್ಲ. 2023ರಲ್ಲಿ 'ನೋಮ್' ಅನ್ನುವ ಕಥಾಚಿತ್ರ ಮಾಡಿ, ತಾವು ಹುಡುಗನಾಗಿದ್ದಾಗ ತೆಗೆದ ಅದೇ ತುಣುಕುಗಳನ್ನು ಅದರೊಳಗೆ ಸೇರಿಸಿದರು. ಎಪ್ಪತ್ತು ದಾಟಿದ ಮೇಲೆ! ಆದರೂ ಡಬ್ಬಿಗಳು ಉಳಿಯಬೇಕಾದರೆ ಬರ್ಲಿನ್‌ಗೇ ಹೋಗಬೇಕಾಯಿತಲ್ಲ, ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಆ ಹುಡುಗಿ ತಲೆಯಾಡಿಸಿದಳು. ಒಪ್ಪಿದಳೋ ಬಿಟ್ಟಳೋ ಗೊತ್ತಾಗಲಿಲ್ಲ.

ಕೊನೆಗೆ ನಮ್ಮೂರು. 1939ರಲ್ಲಿ ಚಿತ್ರದುರ್ಗದ ಪಕ್ಕದ ತುರುವನೂರಿನಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದರು. 1942ರಲ್ಲಿ ಇದೇ ದಾವಣಗೆರೆಯಲ್ಲಿ ಗೋಲಿಬಾರ್ ಆಯಿತು, ಜನ ಸತ್ತರು. ಹುತಾತ್ಮರ ಸ್ಮಾರಕದ ಮುಂದೆ ನಾವೆಲ್ಲ ದಿನಾ ಗಾಡಿ ಓಡಿಸುತ್ತೇವೆ, ವರ್ಷಕ್ಕೆ ಎರಡು ಸಲ ಹಾರ ಬೀಳುತ್ತದೆ. ಮೂಲೆಯ ಪುಟ್ಟ ಚೌಕದಷ್ಟೂ ಚಿತ್ರ ನಾನು ನೋಡಿಲ್ಲ. ಹುಳಿ ವಾಸನೆ ಬರಲಿಕ್ಕೂ ನಮಗೆ ಡಬ್ಬಿ ಇಲ್ಲ. ಹಾಗಾದರೆ ಇಲ್ಲಿ ಪರದೆ ಕಟ್ಟಿ ಏನು ತೋರಿಸುವುದು? ಬರೀ ಬಿಳಿ ಪರದೆ ಕಟ್ಟಿ, ಮೈಕ್ ಇಟ್ಟು, ಗೊತ್ತಿರುವವರು ಬನ್ನಿ ಅಂತ ಕರೆದರೆ ಹೇಗೆ ಅಂತ ನಾನು ಕೇಳಿದೆ. ಕೆಲವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಮಾತು ಅಲ್ಲಿಗೆ ಮುಗಿಯಿತು. ಚಹಾ, ಮಂಡಕ್ಕಿ, ಮಿರ್ಚಿ ಬಂತು. ಹಾಲ್‌ನವನು ಕೀ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದ. ಆಗ ಸುಮಾರು ಎಪ್ಪತ್ತೈದರ ಒಬ್ಬರು ಹತ್ತಿರ ಬಂದು, ಗೋಲಿಬಾರ್ ದಿನ ನಮ್ಮಪ್ಪ ಅಂಗಡಿ ಬಾಗಿಲು ಎಳೆದುಕೊಂಡು ಹತ್ತಿ ಅಂಡಿಗೆಗಳ ಹಿಂದೆ ಕೂತಿದ್ದನಂತೆ, ಗುಂಪು ಈ ಕಡೆಯಿಂದ ಬಂತಂತೆ ಅಂತ ಕೈ ತೋರಿಸಿ ಹೇಳಲು ಶುರು ಮಾಡಿದರು. ಪಕ್ಕದಲ್ಲಿದ್ದ ಇನ್ನೊಬ್ಬರು, ಅವರಿಗಿಂತ ಸ್ವಲ್ಪ ಹಿರಿಯರು, ಮಿರ್ಚಿ ಕೈಯಲ್ಲೇ ಹಿಡಿದುಕೊಂಡು, "ಏ, ಆ ಕಡೆಯಿಂದಲ್ಲ ಮಾರಾಯ, ನಮ್ಮತ್ತೆ ಕಣ್ಣಾರೆ ಕಂಡಿದ್ದಳು, ಆ ಕಡೆ ಆಗ ದಾರಿನೇ ಇರಲಿಲ್ಲ" ಅಂದರು. ಇಬ್ಬರ ದನಿಯೂ ಏರಿತು. ಮೆಟ್ಟಿಲು ಇಳಿಯುವಾಗಲೂ ಬಿಡಲಿಲ್ಲ. ನಾನು ರೆಕಾರ್ಡ್ ಮಾಡಿಕೊಳ್ಳೋಣ ಅಂತ ಫೋನು ತೆಗೆದೆ.

ಮೊದಲಿನವರು ನನ್ನ ಕೈ ಸರಿಸಿದರು. "ಅದನ್ನ ಜೇಬಲ್ಲಿಟ್ಟು ನಾಳೆ ಮನೆಗೆ ಬಾರಪ್ಪ. ಹಿಂಗೆ ಮೆಟ್ಟಿಲ ಮೇಲೆ ನಿಂತು ಹೇಳೋ ಕತೆ ಅಲ್ಲ ಅದು. ಇವನನ್ನೂ ಕರ್ಕೊಂಡು ಬಾ, ಇವನ ಅತ್ತೆ ಎಲ್ಲಿ ನಿಂತಿದ್ದಳು ಅಂತ ಮೊದಲು ತೀರ್ಮಾನ ಆಗಲಿ."